ತುಟಿ ನೋಡಿ ಕೇಳುವವರು

ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಪಿಸುಮಾತು ಅನ್ನುವುದೇ ಇಲ್ಲ. ಒಂದೋ ಕಿರುಚಬೇಕು, ಇಲ್ಲವೇ ಸದ್ದೇ ಇಲ್ಲದೆ ಬರೀ ತುಟಿ ಆಡಿಸಬೇಕು. ಬೆಳಗ್ಗೆ ಶುರುವಾದ ಪವರ್‌ಲೂಮ್ ಮಗ್ಗಗಳು ಸಂಜೆಯವರೆಗೂ ಧಡಧಡ ಬಡಿಯುತ್ತಿದ್ದರೆ ಪಕ್ಕದಲ್ಲಿ ನಿಂತವರ ಮಾತೂ ಕಿವಿಗೆ ಬೀಳುವುದಿಲ್ಲ. ಹಾಗಾಗಿ ಅಲ್ಲಿಯ ನೇಕಾರರು ಕಿವಿಯ ಕೆಲಸವನ್ನು ಕಣ್ಣಿಗೆ ಒಪ್ಪಿಸಿ ಎರಡು ತಲೆಮಾರು ಕಳೆದಿದೆ. ಎದುರಿಗಿರುವವರ ತುಟಿ ನೋಡಿದರೆ ಮುಗಿಯಿತು, ಮಾತು ತಿಳಿದ ಹಾಗೆ.

ನರಸಿಂಹಯ್ಯನವರದು ನಲವತ್ತು ವರ್ಷದ ಮಗ್ಗ. ಅವರ ಕಿವಿ ಮುಕ್ಕಾಲು ಪಾಲು ಅದರ ಹೊಟ್ಟೆಗೇ ಹೋಗಿದೆ. ಹೆಂಡತಿ ವರಲಕ್ಷ್ಮಮ್ಮ, ಒಬ್ಬಳೇ ಮಗಳು ಸಿಂಚನ, ಮೂವರೂ ಮನೆಯಲ್ಲಿ ಹೀಗೆ ತುಟಿಯಲ್ಲೇ ಸಂಸಾರ ಮಾಡುತ್ತಾರೆ. ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತು ಬೀದಿಯೇ ಮೌನವಾದಾಗಲೂ ದನಿ ತೆಗೆಯುವುದು ಅವರಿಗೆ ನೆನಪಾಗುವುದಿಲ್ಲ. ಒಮ್ಮೆ ತ್ಯಾಮಗೊಂಡ್ಲಿನಿಂದ ಬಂದ ನೆಂಟರು ಇದನ್ನು ನೋಡಿ ಗಾಬರಿಬಿದ್ದು, 'ಏನಮ್ಮಾ, ಮೂರು ಜನಕ್ಕೂ ಒಟ್ಟಿಗೇ ಗಂಟಲು ಕಟ್ಕೊಂಡಿದ್ಯಾ?' ಎಂದು ಕೇಳಿದ್ದರು.

ಈ ಮಾತಿನಲ್ಲಿ ಎಡವಟ್ಟುಗಳೂ ಉಂಟು. ಪ, ಬ, ಮ ಈ ಮೂರೂ ತುಟಿಯ ಮೇಲೆ ಒಂದೇ ಥರ ಕಾಣುತ್ತವೆ. ಮದುವೆಯಾದ ಹೊಸದರಲ್ಲಿ ವರಲಕ್ಷ್ಮಮ್ಮ ತಲೆನೋವೆಂದು ಮಾತ್ರೆ ಕೇಳಿದ್ದಕ್ಕೆ ನರಸಿಂಹಯ್ಯನವರು ಅಡುಗೆಮನೆಯಿಂದ ಒಂದು ದೊಡ್ಡ ಪಾತ್ರೆ ಹೊತ್ತುಕೊಂಡು ಬಂದಿದ್ದರು. ಆ ಕಥೆ ಬೀದಿಗೆಲ್ಲ ಗೊತ್ತು. ಇಂಥ ಎಡವಟ್ಟು ತಪ್ಪಿಸಲೆಂದೇ ಮಗ್ಗದವರು ಅನುಮಾನ ಬಂದ ಮಾತಿಗೆ ಒಂದು ಕೈಸನ್ನೆ ಸೇರಿಸಿಕೊಳ್ಳುತ್ತಾರೆ.

ಇಂಥ ಮನೆಯ ಹುಡುಗಿ ಸಿಂಚನ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದು, ಫಿಸಿಶಿಯನ್ ಅಸಿಸ್ಟೆಂಟ್ ಕೋರ್ಸ್ ಓದುತ್ತೇನೆ ಎಂದಳು. ಬೀದಿಯವರಿಗೆ ಅದೇನೆಂದು ಅರ್ಥವಾಗಲಿಲ್ಲ. ಡಾಕ್ಟರಾ ಅಂದರೆ ಅಲ್ಲ, ನರ್ಸಾ ಅಂದರೆ ಅದೂ ಅಲ್ಲ. 'ಮತ್ತಿನ್ನೇನಮ್ಮ ಅದು, ಅತ್ತ ಅದೂ ಅಲ್ಲ, ಇತ್ತ ಇದೂ ಅಲ್ಲ?' ಎಂದು ಕೇಳಿದವರಿಗೆಲ್ಲ ಅವಳು ಬೇಸರವಿಲ್ಲದೆ ಹೇಳುತ್ತಿದ್ದಳು: 'ಡಾಕ್ಟರ್ ಜೊತೆಗೇ ಇರ್ತೀವಿ. ರೋಗಿ ಕಷ್ಟ ಏನು ಅಂತ ಪೂರ್ತಿ ಕೇಳಿ, ಮೈ ಮುಟ್ಟಿ ನೋಡಿ, ಡಾಕ್ಟರಿಗೆ ತಿಳಿಸ್ತೀವಿ. ಆಪರೇಷನ್‌ನಲ್ಲಿ ಅವರ ಪಕ್ಕದಲ್ಲಿ ನಿಂತ್ಕೊಂಡು ಕೈಜೋಡಿಸ್ತೀವಿ.' ರೋಗಿ ಕಷ್ಟ ಪೂರ್ತಿ ಕೇಳುವ ಆಸ್ಪತ್ರೆಯೂ ಒಂದಿದೆಯೇ ಎಂದು ಬೀದಿಯವರು ನಕ್ಕರು. ನಗಲಿ ಬಿಡಿ, ಅವರ ಅನುಭವ ಅವರದು.

ದೇವನಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ದೊಡ್ಡ ಆಸ್ಪತ್ರೆ, ಅದಕ್ಕೆ ಸೇರಿದ ಕಾಲೇಜು. ಅಲ್ಲಿ ಅಂಕಪಟ್ಟಿ ನೋಡಿ, ಆಮೇಲೆ ಎದುರಿಗೆ ಕೂರಿಸಿ ಮಾತಾಡಿಸಿ, ವರ್ಷಕ್ಕೆ ಹದಿನೆಂಟೇ ಜನರನ್ನು ಆರಿಸುತ್ತಿದ್ದರು. ಮೊದಲ ಸಲ ಸಿಂಚನ ಅಮ್ಮನ ಜೊತೆ ಹೋದಳು. ಹೋಗುವಾಗ ಇದ್ದ ಮುಖದಲ್ಲಿ ವಾಪಸು ಬರಲಿಲ್ಲ. ಏನಾಯಿತೆಂದು ನರಸಿಂಹಯ್ಯನವರು ಕೇಳಿದರು. ಅವಳು ಹೇಳಿದಳು.

ಮೂರು ಜನ ಡಾಕ್ಟರು ಕೂತಿದ್ದರಂತೆ. ನಡುವೆ ಡಾಕ್ಟರ್ ಮಮತ, ಹಿರಿಯರು. ಅವರು ಪ್ರಶ್ನೆ ಕೇಳುತ್ತಿದ್ದಾಗ ಪಕ್ಕದ ಡಾಕ್ಟರ್ ಸುನಿಲ್‌ಕುಮಾರ್ ಕೈ ಅಡ್ಡ ಹಿಡಿಯದೆ ಆಚೆ ತುದಿಯವರ ಕಡೆ ಬಾಗಿ ಮೆಲ್ಲಗೆ, 'ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ ಇವಳನ್ನ' ಎಂದರು. ಸಿಂಚನಳಿಗೆ ಅದು ಎದುರಿಗೆ ನಿಂತು ಹೇಳಿದಷ್ಟೇ ಸ್ಪಷ್ಟ. ತಕ್ಷಣ ಆ ಕಡೆ ತಿರುಗಿ, 'ಇಲ್ಲ ಸಾರ್, ಯಾರೂ ಕಳಿಸಿಲ್ಲ, ನಾನೇ ಬಂದೆ' ಎಂದುಬಿಟ್ಟಳು. ಮೂವರೂ ಬೆಚ್ಚಿ ಅವಳನ್ನೇ ನೋಡಿದರು. ಗುಟ್ಟಿನಲ್ಲಿ ಆಡಿದ್ದಕ್ಕೆ ಉತ್ತರ ಕೊಡಬಾರದೆಂದು ಅವಳಿಗೆ ಯಾರು ಹೇಳಿಕೊಡಬೇಕಿತ್ತು? ಅವಳ ಬೀದಿಯಲ್ಲಿ ಗುಟ್ಟೇ ಇರಲಿಲ್ಲವಲ್ಲ. ಡಾಕ್ಟರ್ ಮಮತ ಮಾತ್ರ ಸಮಾಧಾನವಾಗಿ, 'ರೋಗಿಗಳ ಜೊತೆ ಎಷ್ಟು ಹೊತ್ತು ಕಳೆದಿದ್ದೀಯಮ್ಮ ನೀನು?' ಎಂದು ಕೇಳಿದರು. ಒಂದು ಗಂಟೆಯೂ ಇಲ್ಲ. ಸೀಟು ಸಿಗಲಿಲ್ಲ.

ಬೇರೆ ಹುಡುಗಿಯಾಗಿದ್ದರೆ ಹೋಗಲಿ ಬಿಡು ಅಂತ ಬೇರೆ ಡಿಗ್ರಿಗೆ ಸೇರುತ್ತಿದ್ದಳು. ಸಿಂಚನ ಮುಂದಿನ ವಾರವೇ ಊರಿನ ಒಂದು ಆಸ್ಪತ್ರೆಯಲ್ಲಿ ವಾರ್ಡ್ ಅಟೆಂಡರ್ ಆಗಿ ಸೇರಿಕೊಂಡಳು. ರೋಗಿಗಳ ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು, ಗಾಡಿ ತಳ್ಳುವುದು, ಇದೇ ಕೆಲಸ. ಎಷ್ಟು ಗಂಟೆ ರೋಗಿಗಳ ಹತ್ತಿರ ಇದ್ದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ವಾರ್ಡಿನ ಹಿರಿಯ ಸಿಸ್ಟರ್ ಕವಿತ ಅವರಿಂದ ಪ್ರತಿ ಶನಿವಾರ ಸಹಿ ಹಾಕಿಸುತ್ತಿದ್ದಳು. ಮನೆಯಲ್ಲಿ ಮಾತ್ರ ಆಸ್ಪತ್ರೆಯ ಸುದ್ದಿ ಒಂದಿಷ್ಟೂ ಬಾಯಿ ಬಿಡುತ್ತಿರಲಿಲ್ಲ. 'ವಾರ್ಡಲ್ಲಿ ನೋಡಿದ್ದು ವಾರ್ಡಲ್ಲೇ ಇರ್ಬೇಕು ಅಂತ ಕವಿತ ಸಿಸ್ಟರ್ ಹೇಳಿದ್ದಾರೆ ಕಣಪ್ಪ. ಬೇರೆಯವರ ಕಷ್ಟ ನಮ್ಮ ಮನೇಲಿ ಮಾತಾಗ್ಬಾರ್ದು' ಎನ್ನುತ್ತಿದ್ದಳು. ಇಷ್ಟೊಂದು ಕಟ್ಟುನಿಟ್ಟು ಇವಳಿಗೆ ಎಲ್ಲಿಂದ ಬಂತೋ ಎಂದು ನರಸಿಂಹಯ್ಯನವರಿಗೆ ಒಳಗೊಳಗೇ ಸೋಜಿಗ.

ನಿಜವಾದ ಸೋಜಿಗ ಆಮೇಲೆ ಕಾದಿತ್ತು.

ಒಂದು ಮಧ್ಯಾಹ್ನ ಅವಳು ಮರೆತುಹೋಗಿದ್ದ ಊಟದ ಡಬ್ಬಿ ಕೊಡಲು ನರಸಿಂಹಯ್ಯನವರು ಆಸ್ಪತ್ರೆಗೆ ಹೋದರು. ಸಿಂಚನ ಐಸಿಯುನಲ್ಲಿದ್ದಾಳೆ, ಇಲ್ಲೇ ನಿಂತಿರಿ ಎಂದು ಯಾರೋ ಕೈ ತೋರಿಸಿ ಹೋದರು. ಐಸಿಯುಗೆ ಒಂದು ದೊಡ್ಡ ಗಾಜಿನ ಕಿಟಕಿ. ಅದರಾಚೆ ಒಬ್ಬ ಮುದುಕಿ ಮಲಗಿದ್ದರು. ಗಂಟಲಿಗೆ ತೂತು ಮಾಡಿ ಕೊಳವೆ ಇಟ್ಟಿದ್ದರು. ಉಸಿರೆಲ್ಲ ಕೊಳವೆಯಲ್ಲೇ ಹೋಗಿಬಿಡುವುದರಿಂದ ಅಂಥವರಿಗೆ ದನಿ ಹೊರಡುವುದಿಲ್ಲ. ಬಲಗೈಗೆ ಡ್ರಿಪ್ ಕಟ್ಟಿದ್ದರು. ಎಡಗೈ ಎತ್ತುವ ಶಕ್ತಿಯಿರಲಿಲ್ಲ. ತುಟಿ ಮಾತ್ರ ಆಡುತ್ತಿತ್ತು, ಒಂದೇ ಮಾತು, ಮತ್ತೆ ಮತ್ತೆ.

ನರಸಿಂಹಯ್ಯನವರು ಗಾಜಿನಾಚೆಯಿಂದಲೇ ಓದಿಕೊಂಡರು. ಹಾಲು, ಹಾಲು. ಪಕ್ಕದಲ್ಲಿ ನಿಂತಿದ್ದ ನರ್ಸ್ ಹುಡುಗಿ ಕೂಡ ಸಿಂಚನಳ ಕಡೆ ತಿರುಗಿ, 'ಮೂರು ದಿನದಿಂದ ಹಾಲು ಬೇಕು ಅಂತ ಇದೇ ಹಠ. ಬಾಯಿಗೆ ಏನೂ ಕೊಡೋ ಹಾಗಿಲ್ಲ ಅಂದ್ರೆ ಅರ್ಥಾನೇ ಆಗಲ್ಲ ಇವರಿಗೆ' ಎಂದಳು. ಅದೂ ನರಸಿಂಹಯ್ಯನವರ ಕಣ್ಣಿಗೆ ಬಿತ್ತು. ಒಂದು ಲೋಟ ಹಾಲು ಕೊಟ್ಟರೆ ಇವರ ಗಂಟೇನು ಹೋಗುತ್ತೆ ಎಂದು ಅವರಿಗೆ ಸಿಟ್ಟೇ ಬಂತು.

ಸಿಂಚನ ಮುದುಕಿಯ ಮುಖದ ನೇರಕ್ಕೆ ಬಗ್ಗಿದಳು. ಎರಡೂ ಕೈಯನ್ನು ಮುಷ್ಟಿ ಹಿಡಿದು ಮೇಲೆ ಕೆಳಗೆ ಆಡಿಸಿದಳು, ಹಸುವಿನ ಕೆಚ್ಚಲಿನಿಂದ ಹಾಲು ಕರೆಯುವ ಹಾಗೆ. ಅದು ಮಗ್ಗದವರು ಹಾಲಿಗೆ ಮಾಡುವ ಸನ್ನೆ. ಮುದುಕಿ ಕಣ್ಣು ಮುಚ್ಚಿ ಅಲ್ಲ ಅಂದರು. ಆಗ ಸಿಂಚನ ತನ್ನ ತೊಡೆಯನ್ನು ಎರಡು ಸಲ ತಟ್ಟಿ ತೋರಿಸಿದಳು.

ಮುದುಕಿಯ ಎರಡೂ ಕಣ್ಣಲ್ಲಿ ನೀರು ಬಳಬಳ ಇಳಿಯಿತು.

ಕಾಲು! ನರಸಿಂಹಯ್ಯನವರು ಡಬ್ಬಿ ಹಿಡಿದ ಕೈಯನ್ನೇ ಎತ್ತಿ ಹಣೆಗೆ ಬಡಿದುಕೊಂಡರು. ತುಟಿಯ ಮೇಲೆ ಹಾಲಿಗೂ ಕಾಲಿಗೂ ಏನು ವ್ಯತ್ಯಾಸ ಕಂಡೀತು? ನಲವತ್ತು ವರ್ಷ ಮಗ್ಗದ ಮುಂದೆ ನಿಂತವರು ತಾವೇ ಮೋಸಹೋಗಿದ್ದರು. ಸಿಂಚನ ಈಗ ದನಿಯೇ ಇಲ್ಲದೆ ಬರೀ ತುಟಿಯಲ್ಲಿ, 'ಯಾವ ಕಾಲಜ್ಜಿ?' ಎಂದಳು. 'ಎಡಗಾಲು. ಉರೀತದೆ ಮಗಾ. ಮೂರು ದಿನ ಆಯ್ತು.' ಅವಳು ಹೊದಿಕೆ ಸರಿಸಿ ನೋಡಿ ನರ್ಸನ್ನು ಕರೆದಳು. ನರ್ಸ್ ಓಡಿಹೋಗಿ ಡಾಕ್ಟರನ್ನು ಕರೆತಂದಳು. ಮೀನಖಂಡ ಊದಿ ಬಿಗಿದಿತ್ತು. ಸ್ಕ್ಯಾನ್, ಬೇಗ, ರಕ್ತ ಹೆಪ್ಪುಗಟ್ಟಿದೆಯಾ ನೋಡಿ ಎಂದು ಡಾಕ್ಟರ ತುಟಿ ಹೇಳಿತು.

ಗಾಜಿನ ಈಚೆ ಓಡಾಡುತ್ತಿದ್ದ ಹತ್ತಾರು ಜನಕ್ಕೆ ಅಲ್ಲಿ ಏನೂ ಕೇಳಿಸಲಿಲ್ಲ. ನರಸಿಂಹಯ್ಯನವರೊಬ್ಬರಿಗೆ ಎಲ್ಲವೂ ಕೇಳಿಸಿತು. ಈ ತುಟಿಮಾತನ್ನು ಅವರು ಜೀವಮಾನವೆಲ್ಲ ನೂಲು ತಾ, ಲಾಳಿ ನೋಡು, ಊಟ ಆಯ್ತಾ ಅನ್ನುವುದಕ್ಕೆ ಬಳಸಿದ್ದರು. ಬಡವರ ಮನೆಯ ಕುರುಡು ಕಾಸಿನಂಥ ವಿದ್ಯೆ ಎಂದುಕೊಂಡಿದ್ದರು. ಅದೇ ವಿದ್ಯೆ ಹಿಡಿದುಕೊಂಡು ತಮ್ಮ ಮಗಳು ಒಂದು ಜೀವದ ಹತ್ತಿರಕ್ಕೆ ಹೋಗಿ ನಿಂತಿದ್ದಾಳೆ. ಡಬ್ಬಿಯನ್ನು ಕಾವಲುಗಾರನ ಕೈಗೆ ಕೊಟ್ಟು, ಮನೆಯ ಕಡೆ ಹೊರಟವರು ಎರಡು ಸಲ ದಾರಿ ತಪ್ಪಿದರು, ತಮ್ಮದೇ ಊರಿನಲ್ಲಿ.

ಆ ರಾತ್ರಿ ಊಟಕ್ಕೆ ಕೂತಾಗಲೂ ಸಿಂಚನ ಏನೊಂದೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಮೂರು ತಿಂಗಳಾದ ಮೇಲೆ ತೂಬಗೆರೆ ಕಡೆಯ ಆ ಮುದುಕಿ, ಲಕ್ಕಮ್ಮ ಅಂತ ಹೆಸರು, ಗಂಟಲಿನ ಕೊಳವೆ ತೆಗೆಸಿಕೊಂಡು ತಮ್ಮ ಕಾಲಲ್ಲೇ ನಡೆದು ಬಂದು ಬೀದಿಯ ತುದಿಯಲ್ಲಿ, 'ಬಾಯಿ ನೋಡಿ ಮಾತು ಹೇಳೋ ಹುಡುಗಿ ಮನೆ ಯಾವುದ್ರಪ್ಪಾ?' ಎಂದು ಗಟ್ಟಿ ದನಿಯಲ್ಲಿ ವಿಚಾರಿಸಿದಾಗಲೇ ಬೀದಿಗೆ ವಿಷಯ ಗೊತ್ತಾದದ್ದು. ಆವತ್ತಿನಿಂದ 'ಅದೂ ಅಲ್ಲ, ಇದೂ ಅಲ್ಲ' ಎಂದು ನಗುವವರು ಕಡಿಮೆಯಾದರು.

ಅರ್ಜಿ ಹಾಕುವ ಕಾಲ ಮತ್ತೆ ಬಂತು. ನೋಟ್‌ಬುಕ್ಕಿನಲ್ಲಿ ಎರಡು ಸಾವಿರ ಗಂಟೆ ದಾಟಿತ್ತು. ಕವಿತ ಸಿಸ್ಟರ್ ಎರಡು ಪುಟದ ಪತ್ರ ಬರೆದುಕೊಟ್ಟಿದ್ದರು. ಇವುಗಳ ಜೊತೆ ಸಿಂಚನ ಇನ್ನೊಂದು ಕಾಗದವನ್ನೂ ಅರ್ಜಿಗೆ ಪಿನ್ ಮಾಡಿದಳು. ಏನೆಂದು ನರಸಿಂಹಯ್ಯನವರು ಎತ್ತಿ ನೋಡಿದರು. ಕಿವಿ ಪರೀಕ್ಷೆಯ ವರದಿ. ಬಲಗಿವಿ ಮಂದ, ಸಣ್ಣ ದನಿ ಕೇಳಿಸುವುದಿಲ್ಲ. ಮಗಳದೇ ವರದಿ.

ಮಗಳ ತೊಟ್ಟಿಲು ಅವರಿಗೆ ನೆನಪಾಯಿತು. ಅದನ್ನು ಮಗ್ಗದ ಪಕ್ಕದಲ್ಲೇ ಕಟ್ಟಿದ್ದರು, ಬೇರೆ ಜಾಗ ಎಲ್ಲಿತ್ತು? ಮಗ್ಗದ ಸದ್ದಿಗೆ ಮಗು ಚೆನ್ನಾಗಿ ನಿದ್ದೆ ಮಾಡುತ್ತೆ ಎಂದು ಬೀಗಿದ್ದರು ಬೇರೆ. 'ಯಾಕಮ್ಮಾ ಇದನ್ನ ಹಾಕ್ತೀಯ? ಯಾರು ಕೇಳಿದ್ರು ನಿನ್ನ? ತೆಗೆದ್ಬಿಡು' ಎಂದರು.

'ಕೇಳಿಲ್ಲ ಕಣಪ್ಪ. ಆದ್ರೂ ನಾಳೆ ಡಾಕ್ಟರು ಹಿಂದಿನಿಂದ ಏನೋ ಹೇಳ್ತಾರೆ, ನಂಗೆ ಕೇಳ್ಸಲ್ಲ. ರೋಗಿಗೆ ತೊಂದ್ರೆ ಆಗ್ತದೆ. ಗೊತ್ತಿರ್ಲಿ ಅವ್ರಿಗೆ.'

ನರಸಿಂಹಯ್ಯನವರು ಅರ್ಜಿಯನ್ನು ಕೆಳಗಿಟ್ಟರು. ಈ ಸಲ ಸೀಟು ತಪ್ಪಿದರೆ ಅದಕ್ಕೆ ತಮ್ಮ ಮಗ್ಗವೇ ಕಾರಣ ಅನ್ನುವುದು ಅವರಿಗೆ ಖಾತ್ರಿಯಾಯಿತು. ಆ ಸಂಕಟ ಎಷ್ಟಿತ್ತೆಂದರೆ, ಸಂದರ್ಶನಕ್ಕೆ ಜೊತೆಗೆ ತಾವೇ ಹೊರಟರು.

ಸಂದರ್ಶನದ ಕೋಣೆಗೆ ಒಂದು ಕಡೆ ಪೂರ್ತಿ ಗಾಜಿನ ಗೋಡೆ, ಈಚೆ ಕಾಯುವವರ ಬೆಂಚು. ಸಿಂಚನ ಒಳಗೆ ಹೋದಳು. ಅದೇ ಮೂವರು ಡಾಕ್ಟರು. ಮಗಳ ಮುಖ ಪಕ್ಕದಿಂದ ಕಾಣುತ್ತಿತ್ತು, ಅರ್ಧ ತುಟಿ ಸಾಕಾಗಿತ್ತು ಅವರಿಗೆ. ಡಾಕ್ಟರು ನೋಟ್‌ಬುಕ್ ತಿರುವಿ ನೋಡಿದರು, ಏನೇನೋ ಕೇಳಿದರು, ಅವಳು ನಿಧಾನವಾಗಿ ಹೇಳಿದಳು. ಎಲ್ಲ ಸರಿಯಾಗೇ ಹೋಗುತ್ತಿತ್ತು. ಅಷ್ಟರಲ್ಲಿ ಡಾಕ್ಟರ್ ಸುನಿಲ್‌ಕುಮಾರ್ ಜೇಬಿನಿಂದ ಮಾಸ್ಕ್ ತೆಗೆದು ಮುಖಕ್ಕೆ ಕಟ್ಟಿಕೊಂಡರು. ಮಾಸ್ಕಿನೊಳಗಿಂದ ಏನೋ ಹೇಳಿದರು.

ನರಸಿಂಹಯ್ಯನವರು ಬೆಂಚಿನಿಂದ ಅರ್ಧ ಎದ್ದರು. ಬೇಕೆಂತಲೇ ಮಾಡುತ್ತಿದ್ದಾರೆ. ಮಗಳ ಕಣ್ಣನ್ನೇ ಕಟ್ಟಿದ ಹಾಗಲ್ಲವೇ ಇದು? ಹೂಂ ಅಂದುಬಿಡು ಮಗಳೇ, ಅವರು ಹೇಳಿದ್ದಕ್ಕೆಲ್ಲ ತಲೆ ಆಡಿಸಿಬಿಡು ಎಂದು ಮನಸ್ಸಿನಲ್ಲೇ ಗೋಗರೆದರು.

ಸಿಂಚನ ತಲೆ ಆಡಿಸಲಿಲ್ಲ. 'ಸಾರ್, ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿ' ಎಂದಳು. ಅವರು ಮತ್ತೆ ಹೇಳಿದರು. 'ಔಷಧಿ ಹೆಸರು ಗೊತ್ತಾಯ್ತು ಸಾರ್. ಫಿಫ್ಟೀನ್ ಅಂದ್ರೋ ಫಿಫ್ಟಿ ಅಂದ್ರೋ ಗೊತ್ತಾಗಲಿಲ್ಲ.' ಹಾಳೆಯ ಮೇಲೆ ದೊಡ್ಡದಾಗಿ ಐವತ್ತು ಎಂದು ಬರೆದು ಅವರ ಮುಂದೆ ಹಿಡಿದಳು. 'ಇದಾ ಸಾರ್? ನೀವು ಹೌದು ಅನ್ನೋವರೆಗೂ ನಾನು ಹೋಗಿ ಯಾರಿಗೂ ಹೇಳಲ್ಲ.' ಡಾಕ್ಟರು ಹಾಳೆ ನೋಡಿ, ಅದನ್ನು ಹೊಡೆದು ಹಾಕಿ, ಹದಿನೈದು ಎಂದು ಬರೆದರು. ಅವಳು ಕೈಮುಗಿದು ಎದ್ದು ಬಂದಳು.

ಬಂದವಳು ಅಪ್ಪನ ಪಕ್ಕ ಕೂರಲಿಲ್ಲ. ಎದುರಿನ ಕುರ್ಚಿಯಲ್ಲಿ, ಗಾಜಿನ ಗೋಡೆಗೆ ಬೆನ್ನು ಹಾಕಿ ಕೂತಳು. ಒಳಗೆ ಸುನಿಲ್‌ಕುಮಾರ್ ಮಾಸ್ಕ್ ಇಳಿಸಿದ್ದರು. ಮೂವರೂ ಮಾತಾಡುತ್ತಿದ್ದರು. ನರಸಿಂಹಯ್ಯನವರ ಕಣ್ಣು ತಾನಾಗಿ ಅತ್ತ ಹೋಯಿತು. ಡಾಕ್ಟರ್ ಮಮತ ಹೇಳುತ್ತಿದ್ದರು: 'ಬೆಳಗ್ಗೆಯಿಂದ ಹನ್ನೊಂದು ಜನಕ್ಕೆ ಮಾಸ್ಕ್ ಹಾಕ್ಕೊಂಡು ಕೇಳಿದ್ರಿ. ಅರ್ಧಂಬರ್ಧ ಕೇಳಿಸ್ಕೊಂಡು ಹೂಂ ಅಂದೋರೇ ಎಲ್ರೂ. ಕೇಳಿಸಲಿಲ್ಲ ಅಂತ ಹೇಳೋ ಧೈರ್ಯ ಇದ್ದಿದ್ದು ಇವಳೊಬ್ಬಳಿಗೆ.' ಸುನಿಲ್‌ಕುಮಾರ್ ತಮ್ಮ ಕಿವಿ ಮುಟ್ಟಿ ಏನೋ ಅಂದರು. ಅದಕ್ಕೆ ಡಾಕ್ಟರ್ ಮಮತ, 'ಕಿವಿಗೆ ಮೆಷಿನ್ ಹಾಕಿಸೋಣ, ಅದೇನು ದೊಡ್ಡ ವಿಷಯ. ಈ ಹುಡುಗೀನ ನಾನು ಬಿಡಲ್ಲ. ಮೊದಲನೇ ಹೆಸರು ಇವಳದೇ ಬರ್ಕೊಳ್ಳಿ.'

ನರಸಿಂಹಯ್ಯನವರಿಗೆ ಎದ್ದು ಕುಣಿಯಬೇಕೆನ್ನಿಸಿತು. ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಸಿಂಚನ ಕೈ ಅಡ್ಡ ಹಿಡಿದಳು.

'ಬೇಡಪ್ಪ. ಅವ್ರು ನಮ್ಗೆ ಹೇಳಿದ ಮಾತಲ್ಲ ಅದು. ಹೋದ್ಸಲ ಇದೇ ತಪ್ಪು ಮಾಡ್ದೆ. ಒಳ್ಳೇದೋ ಕೆಟ್ಟದ್ದೋ, ಅವ್ರಾಗೇ ಹೇಳೋವರ್ಗೂ ನಂಗೆ ಬೇಡ.'

ಆಯ್ಕೆಯಾದವರ ಪಟ್ಟಿ ಹಾಕುವುದು ಎಂಟು ದಿನ ಬಿಟ್ಟು. ಆ ಎಂಟು ದಿನ ನರಸಿಂಹಯ್ಯನವರು ಪಟ್ಟ ಪಾಡು ಹೇಳತೀರದು. ಬೇರೆ ಮನೆಯಲ್ಲಾದರೆ ಗುಟ್ಟು ಇಟ್ಟುಕೊಳ್ಳಲು ಸುಮ್ಮನಿದ್ದರೆ ಸಾಕು. ಈ ಮನೆಯಲ್ಲಿ ತಮ್ಮಷ್ಟಕ್ಕೆ ತಾವು ಗೊಣಗಿಕೊಂಡರೂ ಸಾಕು, ಡಂಗುರ ಹೊಡೆದ ಹಾಗೆ. ಅದಕ್ಕೇ ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಅಡ್ಡ ಸುತ್ತಿಕೊಂಡರು, ಹೊತ್ತು ಗೊತ್ತಿಲ್ಲದೆ ಎಲೆಅಡಿಕೆ ಜಗಿದರು. 'ಏನ್ರೀ ನಿಮ್ಗೆ, ಹಲ್ಲು ನೋವಾ?' ಎಂದು ವರಲಕ್ಷ್ಮಮ್ಮ ಕೇಳಿದ್ದಕ್ಕೆ ಹೌದೆಂದು ತಲೆ ಆಡಿಸಿ, ಲವಂಗದೆಣ್ಣೆ ಹಚ್ಚಿಸಿಕೊಂಡು ಒದ್ದಾಡಿದರು. ಇಷ್ಟು ದೊಡ್ಡ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೆನಲ್ಲ, ನಾನೂ ಸಾಮಾನ್ಯನಲ್ಲ ಎಂದು ತಮ್ಮ ಬಗ್ಗೆ ಅವರಿಗೆ ಕೊಂಚ ಹೆಮ್ಮೆಯೂ ಆಗಿತ್ತು.

ಒಂಬತ್ತನೆಯ ದಿನ ಮಧ್ಯಾಹ್ನ. ಮನೆಯ ಮಗ್ಗಗಳು ಓಡುತ್ತಿದ್ದವು. ಸಿಂಚನ ಆಸ್ಪತ್ರೆಯಿಂದ ನೆಟ್ಟಗೆ ಮಗ್ಗದ ಕೋಣೆಗೇ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಫೋನು. ಸದ್ದಿಲ್ಲದೆ ತುಟಿ ಆಡಿಸಿದಳು. 'ಸಿಕ್ತಪ್ಪ. ಡಾಕ್ಟರ್ ಮಮತ ಅವ್ರೇ ಫೋನ್ ಮಾಡಿದ್ರು.'

ಆಮೇಲೆ ಹತ್ತಿರ ಬಂದು, ಅಪ್ಪನ ಬಾಯಿಗೆ ಅಡ್ಡವಾಗಿದ್ದ ಟವೆಲ್ಲನ್ನು ತಾನೇ ಬಿಚ್ಚಿ ತೆಗೆದು, ಅವರ ತುಟಿಯ ಮೇಲೆ ದೃಷ್ಟಿ ನೆಟ್ಟಳು. 'ಈಗ ಹೇಳು. ಆವತ್ತು ಒಳಗೆ ಏನಂದ್ರು?'

ಆಗ ನರಸಿಂಹಯ್ಯನವರಿಗೆ ಹೊಳೆಯಿತು. ಎಂಟು ದಿನವೂ ಈ ಹುಡುಗಿ ತಮ್ಮ ಬಾಯಿಯ ಕಡೆ ಒಂದು ಸಲವೂ ನೋಡಿರಲಿಲ್ಲ. ಊಟಕ್ಕೆ ಕೂತಾಗ ತಟ್ಟೆ ನೋಡುತ್ತಿದ್ದಳು, ಕಾಫಿ ಕೊಡುವಾಗ ನೆಲ ನೋಡುತ್ತಿದ್ದಳು. ಆಸ್ಪತ್ರೆಯ ಸುಸ್ತು ಎಂದುಕೊಂಡಿದ್ದರು ಅವರು. ಟವೆಲ್ಲು, ಎಲೆಅಡಿಕೆ, ಲವಂಗದೆಣ್ಣೆ ಯಾವುದೂ ಬೇಕಿರಲಿಲ್ಲ. ತನ್ನದಲ್ಲದ ಮಾತು ತಪ್ಪಿಯೂ ಕಣ್ಣಿಗೆ ಬೀಳಬಾರದೆಂದು, ಹೆತ್ತ ಅಪ್ಪನ ಮುಖದಿಂದಲೇ ಎಂಟು ದಿನ ಕಣ್ಣು ತಪ್ಪಿಸಿಕೊಂಡು ಬದುಕಿದ್ದಳು ಅವಳು. ಎಂಥವಳನ್ನು ಹೆತ್ತಿದ್ದೇವೆ ನಾವು ಎಂದು ಅವರಿಗೆ ಒಂದು ಥರ ಭಯವೇ ಆಯಿತು.

ಡಾಕ್ಟರ್ ಮಮತ ಆಡಿದ ಒಂದೊಂದು ಮಾತೂ ಅವರಿಗೆ ಬಾಯಿಪಾಠವಾಗಿತ್ತು. ಹೇಳಬೇಕೆಂದು ಬಾಯಿ ತೆರೆದರು. ತುಟಿ ಗಡಗಡ ನಡುಗಿತೇ ಹೊರತು ಒಂದು ಅಕ್ಷರವೂ ಮೂಡಲಿಲ್ಲ. ಸಿಂಚನ ಕಣ್ಣು ಕಿರಿದು ಮಾಡಿಕೊಂಡು ಇನ್ನೂ ಹತ್ತಿರ ಬಗ್ಗಿದಳು. ಎಷ್ಟು ನೋಡಿದರೂ ಅವಳಿಗೆ ಓದಲಾಗಲಿಲ್ಲ.